ನೀರು ಹೂಜಿಯಲ್ಲಿದೆ, ಮೂರು ನೀಲಿ

ಸತ್ತು ಹತ್ತೊಂಬತ್ತು ವರ್ಷವಾದ ಒಬ್ಬ ಹೆಂಗಸಿನ ದನಿ ಈ ಹಾಡಿನಲ್ಲಿ ಒಂಟಿಯಾಗಿ ಕೇಳಿಸುತ್ತಿದೆ, ಮೊದಲಿನಿಂದ ಕೊನೆಯವರೆಗೆ ಅದರ ಮೇಲೆ ಗಂಡಸಿನ ದನಿ ಹೊದಿಸಿ ತಂದರೆ ಪರವಾನಗಿ ಕೊಡುತ್ತೇವೆ ಎಂದು ಚಳಿಗಾಲದ ಬಹಮನ್ ತಿಂಗಳ ಮೂರನೆಯ ತಾರೀಕು ಕೆರ್ಮಾನ್ ಊರಿನ ಒಂದು ಸರ್ಕಾರಿ ಕಚೇರಿ ಕಾಗದ ಬರೆದಿದೆ. ಕಾಗದಕ್ಕೆ ಎರಡು ಮೊಹರುಗಳಿವೆ. ಸತ್ತವರ ಹೆಸರು ಗೌಹರ್. ಕಾಗದ ಬಂದದ್ದು ಅವರ ಮಗಳು ಸೂದಾಬೆಗೆ.

ಬೆಳಗಿನ ಐದೂವರೆ. ಬಜಾರಿನ ಹಿಂದಿನ ಗಲ್ಲಿಯಲ್ಲಿ ರೊಟ್ಟಿಯ ಒಲೆ ಆಗಷ್ಟೇ ಹೊತ್ತಿಕೊಂಡಿದೆ. ಅದರ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಸೂದಾಬೆ ಸಂತೂರಿನ ಮುಂದೆ ಕೂತು ತಂತಿಗಳ ಶ್ರುತಿ ಕೂಡಿಸುತ್ತಿದ್ದಾರೆ. ನಾಲ್ಕು ಗೋಡೆಗೂ ಹತ್ತಿಯ ದಪ್ಪ ರಜಾಯಿಗಳು ನೇತುಬಿದ್ದಿವೆ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೆಳಗೆ ಕೆಂಡವಿಟ್ಟ ಗಿಡ್ಡ ಮೇಜಿನ ಸುತ್ತ ಕಾಲು ಚಾಚಿ ಹೊದೆಯುತ್ತಿದ್ದ ರಜಾಯಿಗಳವು. ಈಗ ಹೊದೆಯಲು ಮನೆಮಂದಿ ಇಲ್ಲ. ಹೊರಗಿನ ಸದ್ದು ಒಳಗೆ ಬರದಂತೆ, ಒಳಗಿನದು ಹೊರಗೆ ಹೋಗದಂತೆ ಅವು ತಡೆಯುತ್ತವೆ. ಎರಡನೆಯದೇ ಹೆಚ್ಚು ಮುಖ್ಯ.

ಎಪ್ಪತ್ತೆರಡು ತಂತಿ. ನಾಲ್ಕು ನಾಲ್ಕು ತಂತಿಗೆ ಒಂದರಂತೆ ಹದಿನೆಂಟು ಮರದ ತುಂಡುಗಳು ಅವನ್ನು ಹೊತ್ತು ನಿಂತಿವೆ. ಈ ತುಂಡುಗಳಿಗೆ ನಮ್ಮಲ್ಲಿ ಕತ್ತೆಮರಿ ಎಂದೇ ಹೆಸರು. ಕೆರ್ಮಾನಿನ ಒಣಗಾಳಿಗೆ ರಾತ್ರಿಯೊಳಗೆ ಅರ್ಧಕ್ಕರ್ಧ ತಂತಿ ಜಾರಿರುತ್ತವೆ. ಸೂದಾಬೆ ದಿನಾ ಅವನ್ನು ಹುಡುಕಿ ತರಬೇಕು. “ಹದಿನೆಂಟು ಕತ್ತೆ ಮೇಯಿಸೋಳು ನಾನು. ಬೆಳಗಾದ್ರೆ ಒಂದೂ ಕೊಟ್ಟಿಗೇಲಿ ಇರಲ್ಲ” ಎನ್ನುತ್ತಾರೆ, ಕೀಲಿಯಿಂದ ಕಣ್ಣು ತೆಗೆಯದೆ. ಐವತ್ತು ನಿಮಿಷ ಹಿಡಿಯುತ್ತದೆ. ಏಳು ಗಂಟೆಗೆ ಮೊದಲ ಶಿಷ್ಯೆ ಬರುತ್ತಾಳೆ. ದಿನಕ್ಕೆ ಐದಾರು ಜನ, ವಾರಕ್ಕೆ ಇಪ್ಪತ್ತೆಂಟು ಪಾಠ. ಮಧ್ಯಾಹ್ನ ಒಂದು ಲೋಟ ಚಹಾ, ಎರಡು ಖರ್ಜೂರದ ಕೊಲಂಪೆ ಬಿಸ್ಕತ್ತು, ಅಷ್ಟೇ. ಸಂಜೆಗೆ ಮದುವೆ ಇದ್ದರೆ ಮದುವೆ.

ಸೂದಾಬೆಗೆ ನಲವತ್ತೆರಡು. ಹದಿನೇಳು ವರ್ಷದಿಂದ ಈ ಊರಿನ ಮದುವೆ ಮಂಟಪಗಳ ಹೆಂಗಸರ ಕೋಣೆಯಲ್ಲಿ ಕೀಬೋರ್ಡು ನುಡಿಸಿ ಹಾಡುತ್ತಿದ್ದಾರೆ. ಬಾಗಿಲಲ್ಲಿ ಒಬ್ಬಳು ಚೀಲ ಹಿಡಿದು ನಿಂತು ಎಲ್ಲರ ಫೋನು ಕಸಿದುಕೊಳ್ಳುತ್ತಾಳೆ, ಬಾಗಿಲು ಮುಚ್ಚುತ್ತದೆ, ಆಮೇಲೆ ಹಾಡು. ಕೆರ್ಮಾನಿನಲ್ಲಿ ನಲವತ್ತರ ಒಳಗಿನ ಹೆಂಗಸು ಯಾರೇ ಆಗಲಿ, ಈ ದನಿಗೆ ಒಮ್ಮೆಯಾದರೂ ಕುಣಿದಿರುತ್ತಾಳೆ. ಅವಳ ಗಂಡ, ಅಣ್ಣ, ಅಪ್ಪ ಒಬ್ಬರಿಗೂ ಈ ದನಿ ಗೊತ್ತಿಲ್ಲ. ಅರ್ಧ ಊರಿಗೆ ಪರಿಚಯವಾದ, ಇನ್ನರ್ಧಕ್ಕೆ ಇಲ್ಲವೇ ಇಲ್ಲದ ಕಲಾವಿದೆಯನ್ನು ಏನೆಂದು ಕರೆಯಬೇಕೋ, ಬುದ್ಧಿವಂತರು ಹೇಳಲಿ.

ಕೀಬೋರ್ಡಿನ ಕರಿ-ಬಿಳಿ ಮನೆಗಳ ನಡುವೆ ನಮ್ಮ ಸಂಗೀತಕ್ಕೆ ಇನ್ನೂ ಒಂದು ಸ್ವರ ಬೇಕು. ಆ ಸಂದಿಯಲ್ಲಿ ಮನೆಯೇ ಇಲ್ಲ. ಸೂದಾಬೆ ಯಂತ್ರದ ಹೊಟ್ಟೆಯೊಳಗೆ ಕೈಹಾಕಿ ಬೇಡದ ನಾಲ್ಕು ಮನೆಗಳನ್ನು ಅರ್ಧಕ್ಕೆ ಇಳಿಸಿಕೊಂಡಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ. ತಪ್ಪು ಗುಂಡಿ ಒತ್ತಿ, ಇಡೀ ಮದುವೆಯಲ್ಲಿ ಮದುಮಗಳ ಅತ್ತೆಯ ಕೆಂಗಣ್ಣಿಗೆ ಗುರಿಯಾಗಿ, ಕಲಿತದ್ದು.

ಅವರ ನಿಜವಾದ ಕೆಲಸ ಇದಾವುದೂ ಅಲ್ಲ. ಅದು ಹನ್ನೊಂದು ನಿಮಿಷ ನಲವತ್ತು ಸೆಕೆಂಡಿನ ಒಂದು ಹಳೆಯ ಕ್ಯಾಸೆಟ್ಟಿನ ಸುತ್ತ ನಡೆದಿರುವ ಕೆಲಸ. ಕ್ಯಾಸೆಟ್ಟಿನಲ್ಲಿರುವುದು ಅವರ ಅಮ್ಮ.

ಗೌಹರ್ ಕೆರ್ಮಾನ್ ಸೀಮೆಯ ರಾವರ್ ಎಂಬ ಊರಿನ ರತ್ನಗಂಬಳಿ ಕಾರ್ಖಾನೆಯೊಂದರಲ್ಲಿ ನಕ್ಷೆ ಕೂಗುತ್ತಿದ್ದರು. ಮಗ್ಗದ ಮುಂದೆ ಹಲಗೆಯ ಮೇಲೆ ಎಂಟು ಮಂದಿ ಸಾಲಾಗಿ ಕೂರುತ್ತಾರೆ. ನಕ್ಷೆ ಇರುವುದು ಒಬ್ಬರ ಕೈಯಲ್ಲಿ ಮಾತ್ರ, ಅವರನ್ನು ಉಸ್ತಾ ಎನ್ನುತ್ತಾರೆ. ಆ ಒಬ್ಬರು ಒಂದೊಂದೇ ಗಂಟಿನ ಬಣ್ಣವನ್ನು ರಾಗದಲ್ಲಿ ಕೂಗಬೇಕು. ಎರಡು ಬಿಳಿ ಬಿಟ್ಟು ಒಂದು ಅರಗು, ಅಂದರೆ ಅರಗಿನ ಕೆಂಪು. ಎಂಟು ಮಂದಿ ಗಂಟು ಹಾಕಿ, ಅದೇ ರಾಗದಲ್ಲಿ ತಿರುಗಿ ಹೇಳಬೇಕು: ಒಂದು ಅರಗು, ಹಾಕಿದೆವು. ಸಾಲು ಮುಗಿದರೆ ಗಂಟು ಬಿಗಿಸುವ ಹಣಿಗೆಯ ಪೆಟ್ಟು, ಮತ್ತೆ ಮುಂದಿನ ಸಾಲು. ಹೀಗೆ ಬೆಳಗಿನಿಂದ ಕತ್ತಲಾಗುವ ತನಕ, ಉಣ್ಣೆಯ ದೂಳು ಕುಡಿಯುತ್ತ, ಇಪ್ಪತ್ತಾರು ವರ್ಷ. ಎದೆಯೊಳಗೆ ದೂಳು ಗಟ್ಟಿಯಾಗಿ ಐವತ್ತೊಂದಕ್ಕೆ ಗೌಹರ್ ಹೋದರು. ಕಾರ್ಖಾನೆ ಅದಕ್ಕೂ ಮೊದಲೇ ಮುಚ್ಚಿತ್ತು.

ಕೆರ್ಮಾನಿನ ರತ್ನಗಂಬಳಿ ಎಂದರೆ ದೇಶದೇಶದವರು ಚಪ್ಪಲಿ ಬಿಟ್ಟು ಬರುತ್ತಾರೆ. ಗಂಬಳಿಯ ತಲೆಯಂಚಿನಲ್ಲಿ ಗೇಣುದ್ದದ ಪಟ್ಟಿಯೊಳಗೆ ಮಾಲೀಕನ ಹೆಸರು ನೇಯ್ದಿರುತ್ತದೆ. ಆ ಹೆಸರನ್ನೂ ಗೌಹರ್ ಕೂಗಿಯೇ ನೇಯಿಸಿದ್ದು: ಎರಡು ಕಪ್ಪು, ಒಂದು ಬಿಳಿ ಬಿಟ್ಟು, ಮತ್ತೆ ಕಪ್ಪು. ಅವರಿಗೆ ನಕ್ಷೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತಾನು ಅಷ್ಟು ವರ್ಷ ರಾಗವಾಗಿ ಹಾಡಿದ್ದು ಒಬ್ಬನ ಹೆಸರು ಎಂದು ಗೊತ್ತಾದದ್ದು, ಶಾಲೆಗೆ ಸೇರಿದ ಮಗಳು ಓದಿ ಹೇಳಿದ ದಿನ. ಅಮ್ಮ “ಅಷ್ಟು ಚಿಕ್ಕ ಹೆಸರಿಗೆ ಅಷ್ಟೊಂದು ಗಂಟಾ?” ಎಂದು ಕೇಳಿದ್ದನ್ನು ಸೂದಾಬೆ ಇಂದಿಗೂ ಅದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ. ನಗು ಬರುತ್ತದೆ. ಆಮೇಲೆ ನಗು ಬಂದದ್ದಕ್ಕೆ ನಾಚಿಕೆಯಾಗುತ್ತದೆ.

ಕ್ಯಾಸೆಟ್ಟು ಹುಟ್ಟಿದ್ದು ಆಕಸ್ಮಿಕ. ಎಂಟು ವರ್ಷ ನಡೆದ ಯುದ್ಧದ ಕೊನೆಯ ಚಳಿಗಾಲ. ಮಾಲೀಕನ ಭಾವಮೈದುನ ಕುವೈತಿನಿಂದ ಹೊಸ ಟೇಪ್‌ರೆಕಾರ್ಡರು ತಂದಿದ್ದ. ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಮಗ್ಗದ ಕೆಳಗಿಟ್ಟು ಗುಂಡಿ ಒತ್ತಿದ. ಐದು ವರ್ಷದ ಸೂದಾಬೆ ಉಣ್ಣೆಯ ರಾಶಿಯ ಮೇಲೆ ಜ್ವರದಲ್ಲಿ ಮಲಗಿದ್ದಳು. ಏಳನೆಯ ನಿಮಿಷಕ್ಕೆ ಮಗು ಕೆಮ್ಮುವುದು ಕೇಳುತ್ತದೆ. ಅಮ್ಮಾ ನೀರು ಎನ್ನುವುದು ಕೇಳುತ್ತದೆ. ಗೌಹರ್ ಕೂಗು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಂಟು ಜೋಡಿ ಕೈ ನಿಲ್ಲುತ್ತವೆ. ಅವರು ರಾಗ ಕಡಿಯದೆ ಹಾಗೇ ಹಾಡಿಬಿಡುತ್ತಾರೆ: “ಒಂದು ಅರಗು, ನೀರು ಹೂಜಿಯಲ್ಲಿದೆ, ಮೂರು ನೀಲಿ.”

ಕಿವಿಯಿಂದ ನೇರ ಬೆರಳಿಗೆ ಹೋಗುವ ಕೆಲಸದಲ್ಲಿ ನಡುವೆ ಯೋಚನೆಗೆ ಜಾಗವಿಲ್ಲ. ಎಂಟೂ ಮಂದಿ ಒಂದೇ ಉಸಿರಿಗೆ ತಿರುಗಿ ಹಾಡುತ್ತಾರೆ: ನೀರು ಹೂಜಿಯಲ್ಲಿದೆ, ಹಾಕಿದೆವು. ಹಾಡಿದ್ದಷ್ಟೇ ಅಲ್ಲ, ಕೈಯಲ್ಲಿ ಯಾವ ಬಣ್ಣದ ಎಳೆ ಇತ್ತೋ ಅದರಲ್ಲಿ ಒಂದು ಗಂಟನ್ನೂ ಹಾಕಿಬಿಟ್ಟರು. ಆಮೇಲೆ ನಗು. ಅಷ್ಟೂ ಜನರ ನಗು ಆ ಕ್ಯಾಸೆಟ್ಟಿನಲ್ಲಿದೆ; ಮೇಲೆ ಗೌಹರ್ ನಗು ತಡೆದುಕೊಂಡು ಮುಂದಿನ ಸಾಲು ಕೂಗುವುದೂ ಇದೆ. ಬಿಚ್ಚಿ ಮತ್ತೆ ನೇಯಲು ಪುರಸೊತ್ತಿರಲಿಲ್ಲ. ಎಂಟು ಕಡೆ ಒಂದೊಂದು ಗಂಟು ಹೆಚ್ಚಾಗಿ ಆ ಸಾಲಿನ ಎಂಟು ಹೂಗಳು ಒಂದಿಷ್ಟು ವಾಲಿಕೊಂಡವು. ಗಂಬಳಿ ಹಾಗೇ ಹಡಗು ಹತ್ತಿತು.

ಅದು ಈಗ ಎಲ್ಲಿದೆ? ಯಾರ ಮನೆಯಲ್ಲಿ ಯಾರ ಕಾಲಡಿಯಲ್ಲಿ? ಸೂದಾಬೆ ಪ್ರತಿ ಶುಕ್ರವಾರ ಫೋನಿನಲ್ಲಿ ಹರಾಜಿನ ಗಂಬಳಿಗಳ ಚಿತ್ರ ದೊಡ್ಡದು ಮಾಡಿ ಹೂವಿನ ಸಾಲುಗಳನ್ನು ನೋಡುತ್ತಾರೆ. ಹದಿಮೂರು ವರ್ಷದಿಂದ ನೋಡುತ್ತಿದ್ದಾರೆ. “ಕೊಂಡ್ಕೊಳ್ಳೋಕಲ್ಲ. ಅದರ ಮೇಲೆ ಒಂದು ಸಲ ಕೂರಬೇಕು. ಭೂಮಿ ಮೇಲೆ ನಾನು ನೀರು ಕೇಳಿದ್ದು, ಅಮ್ಮ ಕೊಟ್ಟಿದ್ದು, ಎರಡೂ ಇರೋ ಜಾಗ ಅದೊಂದೇ” ಎನ್ನುತ್ತಾರೆ. ಅಮ್ಮನ ಗೋರಿ ಊರಾಚೆ ಇದೆ, ಅಲ್ಲಿಗೂ ಹೋಗುತ್ತಾರೆ. ಗೋರಿಯಲ್ಲಿ ಅಮ್ಮ ಮಾತಾಡುವುದಿಲ್ಲ.

ಹಾಡು ಹುಟ್ಟಿದ್ದು ಒಂದು ಮದುವೆಯಲ್ಲಿ. ಆರು ವರ್ಷದ ಹಿಂದೆ, ಕುಣಿದು ಸುಸ್ತಾದ ಹುಡುಗಿಯರು ಶರಬತ್ತಿಗೆ ಹೋಗಿದ್ದಾಗ, ಖಾಲಿ ಬಿಟ್ಟ ತಾಳದ ಮೇಲೆ ಸೂದಾಬೆ ಸುಮ್ಮನೆ ಅಮ್ಮನ ಕೂಗನ್ನು ಗುನುಗಿದರಂತೆ. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ತಟ್ಟೆ ಕೆಳಗಿಟ್ಟು, ಒಂದು ಅರಗು, ಹಾಕಿದೆವು ಎಂದಳು. ಅವಳ ಪಕ್ಕದವಳೂ ಅಂದಳು. ಮೂರನೆಯವಳು ತೊಡೆಯ ಮೇಲೆ ಹಣಿಗೆಯ ಪೆಟ್ಟು ಹಾಕಿದಳು. ರೇಷ್ಮೆ ತೊಟ್ಟು ಬಂದ ಅಜ್ಜಿಯರಲ್ಲಿ ಆರು ಮಂದಿ ಹಳೆಯ ನೇಕಾರ್ತಿಯರು, ಸೊಸೆಯಂದಿರಿಗೂ ಗೊತ್ತಿಲ್ಲದ ಸಂಗತಿ. ಅವತ್ತು ಅವರು ಕೂತಲ್ಲೇ ಒಂದು ಗಂಬಳಿಯ ಅಂಚು ನೇಯ್ದರು. ಮದುಮಗಳು ಮಂಟಪ ಬಿಟ್ಟು ಬಂದು ಅವರ ಮುಂದೆ ಕುಣಿದಳು.

ಅಲ್ಲಿಂದ ನಾಲ್ಕು ವರ್ಷ ಸೂದಾಬೆ ಕ್ಯಾಸೆಟ್ಟಿನ ಜೊತೆ ಗುದ್ದಾಡಿದರು. ಅಮ್ಮನ ಕೂಗು ದಶ್ತಿ ರಾಗದ ನೆರಳಿನಲ್ಲಿ ನಡೆಯುತ್ತದೆ. ಅದರ ಹಿಂದೆ ಸಂತೂರು ಇಟ್ಟರು. ಕೆಳಗೆ ಗಿಟಾರಿನ ದಪ್ಪ ತಂತಿ, ಯಂತ್ರದ ತಾಳ. ತಾಳವೇ ಕೂಡಲಿಲ್ಲ. ಹಣಿಗೆಯ ಪೆಟ್ಟು ಬೀಳುವುದು ಸಾಲು ಮುಗಿದಾಗ, ಎಣಿಕೆ ಮುಗಿದಾಗಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ. ಪರಿಚಯದ ಹುಡುಗರೆಲ್ಲ ಪೆಟ್ಟುಗಳನ್ನು ಕತ್ತರಿಸಿ ಸಮ ಮಾಡಿ ಅಂದರು. ಸೂದಾಬೆ ಒಪ್ಪಲಿಲ್ಲ, ಯಂತ್ರದ ತಾಳವನ್ನೇ ಒಂದೊಂದು ಸಾಲಿಗೂ ಹಿಗ್ಗಿಸಿ ಕುಗ್ಗಿಸಿ ಕೂರಿಸಿದರು. ನಲವತ್ತೊಂದು ಸಾಲು. “ಅಮ್ಮನಿಗೆ ಯಂತ್ರದ ಥರ ನಡಿ ಅಂತ ಮಾಲೀಕ ಇಪ್ಪತ್ತಾರು ವರ್ಷ ಹೇಳಿದ. ನಾನೂ ಅದನ್ನೇ ಹೇಳ್ಲಾ? ಯಂತ್ರವೇ ಮಗ್ಗದ ನಡಿಗೆ ಕಲೀಲಿ.” ಕೇಳಿದವರಿಗೆ ಗೊತ್ತು, ಕಲಿತಿದೆ. ಕಾಲು ತಾನಾಗಿ ಅಲ್ಲಾಡುತ್ತದೆ.

ಹಾಡನ್ನು ಹೊರತರಲು ಒಪ್ಪಿದವರು ಫರಾಮರ್ಜ್, ಊರಿನ ಸಣ್ಣ ಸ್ಟುಡಿಯೋದ ಮಾಲೀಕರು. ಮಾತು ಒರಟು, ಮನಸ್ಸು ಅಲ್ಲ. ಪರವಾನಗಿಗೆ ಅರ್ಜಿ ಹಾಕಿ ಎಂಟು ತಿಂಗಳು ಕಾದರು. ಹೆಣ್ಣಿನ ದನಿ ಒಂಟಿಯಾಗಿ ಕೇಳಬಾರದು ಎಂಬ ಕಟ್ಟಳೆ ಇಬ್ಬರಿಗೂ ಗೊತ್ತಿಲ್ಲದ್ದಲ್ಲ. ಆದರೆ ಇದು ಹಾಡಲ್ಲವಲ್ಲ ಎಂಬ ಒಂದು ಎಳೆ ಆಸೆ. ಸೂದಾಬೆ ಕಚೇರಿಗೆ ಹೋಗಿ ಅದನ್ನೇ ವಾದಿಸಿದರು. ಸಾಹೇಬರೇ, ಇದು ಕಾರ್ಖಾನೆಯ ಸದ್ದು, ಗಂಟಿನ ಲೆಕ್ಕ. ಅಂಗಡಿಯಲ್ಲಿ ಹೆಂಗಸು ಬೆಲೆ ಹೇಳಿದರೆ ಅದಕ್ಕೂ ಗಂಡಸನ್ನು ಜೊತೆ ಕೂರಿಸ್ತೀರಾ ಎಂದರು. ಮೇಜಿನ ಆಚೆ ಕೂತಿದ್ದವನು ಚಿಕ್ಕ ವಯಸ್ಸಿನವನು. ಅವರಿಗೆ ಚಹಾ ತರಿಸಿದ. ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದನಂತೆ: “ಲೆಕ್ಕ ಕೇಳಿದ್ರೆ ಅಳು ಬರಬಾರದು ಖಾನುಂ. ನನಗೆ ಬಂತು. ಅದಕ್ಕೇ ಇದು ಹಾಡು.”

ಆಮೇಲೆ ಎರಡು ಮೊಹರಿನ ಕಾಗದ.

ನೆನಪಿರಲಿ, ಆ ಹೆಂಗಸು ಬದುಕಿದ್ದಾಗ ಅವಳ ದನಿಯನ್ನು ಯಾರೂ ಮುಚ್ಚಲಿಲ್ಲ. ದಿನಕ್ಕೆ ಹನ್ನೊಂದು ತಾಸು ಗಂಡಸರೂ ಹೆಂಗಸರೂ ಕೂತು ಕೇಳಿದರು. ಮಾಲೀಕ ಕೇಳಿದ, ದಲ್ಲಾಳಿ ಕೇಳಿದ, ಬೀದಿ ಕೇಳಿತು. ಆ ದನಿಯಿಂದ ಗಂಬಳಿ ಬರುವವರೆಗೆ ಅದು ಯಾರ ಧರ್ಮವನ್ನೂ ಕೆಡಿಸಲಿಲ್ಲ. ಆ ದನಿಯೇ ತನ್ನ ಹೆಸರಲ್ಲಿ ಹೊರಗೆ ಬರುತ್ತೇನೆ ಎಂದಾಗ ಕಟ್ಟಳೆಗೆ ಎಚ್ಚರವಾಗಿದೆ.

ಸೂದಾಬೆ ಒಂಬತ್ತು ದಿನ ಆ ಕಾಗದವನ್ನು ಸಂತೂರಿನ ಕೆಳಗಿಟ್ಟರು. ಹತ್ತನೆಯ ದಿನ ಒಪ್ಪಿದರು. ಯಾಕೆ ಎಂದರೆ, ಕ್ಯಾಸೆಟ್ಟಿನ ಪಟ್ಟಿ ಪುಡಿಯಾಗುತ್ತಿದೆ. ತಾನು ಸತ್ತರೆ ಈ ರಜಾಯಿಗಳ ಆಚೆ ಅಮ್ಮ ಇದ್ದಳೆಂದು ಯಾರಿಗೂ ತಿಳಿಯುವುದಿಲ್ಲ. ಹೊದಿಸಿದರೂ ಸೈ, ಕೆಳಗೆ ಇರುತ್ತಾಳಲ್ಲ. ಒಂದೇ ಷರತ್ತು ಹಾಕಿದರು. ಸ್ಟುಡಿಯೋಗಳಲ್ಲಿ ಈ ಹೊದಿಕೆ ಹಾಡುವುದನ್ನೇ ಕಸುಬು ಮಾಡಿಕೊಂಡ ಗಂಡಸರಿದ್ದಾರೆ, ಅವರು ಬೇಡ. ಹೊದಿಸುವುದೇ ಆದರೆ ಹೆಶ್ಮತ್ ಕಾಕಾ ಹೊದಿಸಲಿ.

ಹೆಶ್ಮತ್ ಕಾಕಾಗೆ ಎಪ್ಪತ್ತು. ಬಜಾರಿನಲ್ಲಿ ಜೀರಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಮೊಹರಮ್ಮಿನ ಸಭೆಗಳಲ್ಲಿ ಶೋಕಗೀತೆ ಹಾಡುತ್ತಾರೆ, ಆದ್ದರಿಂದ ಕಚೇರಿಯವರಿಗೂ ಒಪ್ಪಿಗೆಯ ದನಿ. ಮಗ್ಗದ ಮುಂದೆ ಇಪ್ಪತ್ತು ವರ್ಷ ಮಡಿಸಿದ ಬೆರಳುಗಳು ಇನ್ನೂ ನೆಟ್ಟಗಾಗಿಲ್ಲ. ಗೌಹರ್ ಅವರ ಸಾಲಿನಲ್ಲಿ ಎಡದಿಂದ ಮೂರನೆಯವರು ಅವರು. ಆ ಕ್ಯಾಸೆಟ್ಟಿನ ಎಂಟು ದನಿಗಳಲ್ಲಿ ಇನ್ನೂ ಉಸಿರಾಡುತ್ತಿರುವುದು ಇದೊಂದೇ.

ವರ್ಷದ ಕೊನೆಯದಾದ ಇಸ್ಫಂದ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಹತ್ತು. ಕಾಕಾ ಸ್ಟುಡಿಯೋಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾರೆ. ಕೈಯಲ್ಲಿ ಜೀರಿಗೆಯ ಪೊಟ್ಟಣ. ಜೀರಿಗೆಗೇ ಹೆಸರಾದ ಕೆರ್ಮಾನಿನವಳಿಗೆ ಜೀರಿಗೆ ಹೊತ್ತು ತಂದಿರಲ್ಲ ಎಂದು ಫರಾಮರ್ಜ್ ಕೆಣಕುತ್ತಾರೆ. ನಿನಗಲ್ಲ ಬಿಡು ಎನ್ನುತ್ತ ಕಾಕಾ ಪೊಟ್ಟಣವನ್ನು ಸೂದಾಬೆಯ ಮಡಿಲಿಗೆ ಹಾಕುತ್ತಾರೆ. ಏನು ಮಾಡಬೇಕೆಂದು ವಿವರಿಸಿದ್ದಾಗಿದೆ: ಗೌಹರ್ ದನಿ ಕಿವಿಯಲ್ಲಿ ಬರುತ್ತದೆ, ಜೊತೆಜೊತೆಗೇ ಅದೇ ಮಾತು ಗಟ್ಟಿಯಾಗಿ ಹಾಡಬೇಕು. ಕಾಕಾ ತಲೆಯಾಡಿಸಿದ್ದಾರೆ. ಮೈಕಿನ ಮುಂದೆ ಸ್ಟೂಲು ಕೊಟ್ಟರೆ ಬೇಡವೆಂದು ನೆಲದ ಮೇಲೆ ಕೂತಿದ್ದಾರೆ, ಮಗ್ಗದ ಹಲಗೆಯ ಮೇಲೆ ಕೂರುವ ಹಾಗೆ, ಒಂದು ಮಂಡಿ ಎತ್ತಿ. ಫರಾಮರ್ಜ್ ಮೈಕನ್ನು ಕೆಳಗಿಳಿಸಿದ್ದಾರೆ.

ಹೆಡ್‌ಫೋನು ಹಾಕುತ್ತಲೇ ಮುಖ ಬದಲಾಗುತ್ತದೆ. ಹಾಡು ಓಡುತ್ತದೆ. ಕಾಕಾ ಬಾಯಿ ತೆರೆಯುವುದಿಲ್ಲ. ಮೊದಲ ಸಲ ಹಾಗಾಗುತ್ತದೆ ಎಂದು ಫರಾಮರ್ಜ್ ಹಿಂದಕ್ಕೆ ತಿರುಗಿಸುತ್ತಾರೆ. ಎರಡನೆಯ ಸಲವೂ ಮೌನ. ಬೆರಳು ಮಾತ್ರ ಗಾಳಿಯಲ್ಲಿ ಏನನ್ನೋ ಸುತ್ತಿ ಎಳೆಯುತ್ತಿವೆ, ಸುತ್ತಿ ಎಳೆಯುತ್ತಿವೆ. ಮೂರನೆಯ ಸಲ ದನಿ ಬರುತ್ತದೆ. ಏನು ದನಿ ಅದು, ಒಣಗಿದ ಕಾಲುವೆಗೆ ನೀರು ಬಿಟ್ಟ ಹಾಗೆ. ಆದರೆ ಗೌಹರ್ ಕೂಗಿ ಮುಗಿಸಿದ ಮೇಲೆ ಬರುತ್ತದೆ: “ಒಂದು ಅರಗು, ಹಾಕಿದೆವು.”

ಫರಾಮರ್ಜ್ ನಿಲ್ಲಿಸುತ್ತಾರೆ. ಆಮೇಲೆ ಅಲ್ಲ ಕಾಕಾ, ಜೊತೆಗೆ. ಅವರ ಮೇಲೆ. ಅವರ ದನಿ ಬೇರೆಯಾಗಿ ಕೇಳಲೇಬಾರದು.

“ಉಸ್ತಾ ಕೂಗೋವಾಗ ಹಲಗೆ ಮೇಲೆ ಕೂತೋರು ಬಾಯಿ ಬಿಡಲ್ಲಪ್ಪ” ಎನ್ನುತ್ತಾರೆ ಕಾಕಾ, ತಿಳಿಯದವನಿಗೆ ತಿಳಿಹೇಳುವಂತೆ. “ಬಿಟ್ಟೋನ ಗಂಟು ತಪ್ಪುತ್ತೆ.”

“ಈಗ ಮಗ್ಗ ಎಲ್ಲಿದೆ ಕಾಕಾ?”

ಕಾಕಾ ಹೆಡ್‌ಫೋನನ್ನು ಮುಟ್ಟಿ ತೋರಿಸುತ್ತಾರೆ. “ಇಲ್ಲಿ. ಹಣಿಗೆ ಬಡೀತಾ ಇದೆಯಲ್ಲ, ನಿನಗೆ ಕೇಳಲ್ವಾ?”

ಫರಾಮರ್ಜ್ ಗಾಜಿನ ಆಚೆಯಿಂದ ಎದ್ದು ಬಂದು ಕಾಗದವನ್ನೇ ತೋರಿಸುತ್ತಾರೆ. ಹೊಸ ವರ್ಷಕ್ಕೆ ಮುಂಚೆ ತಲುಪಿಸದಿದ್ದರೆ ಅರ್ಜಿ ರದ್ದು, ಮತ್ತೆ ಮೊದಲಿನಿಂದ ಶುರು, ಅಷ್ಟರಲ್ಲಿ ಕ್ಯಾಸೆಟ್ಟು ಇರುತ್ತದೋ ಇಲ್ಲವೋ, ನೀವಿರುತ್ತೀರೋ ಇಲ್ಲವೋ. ಇದೆಲ್ಲ ಗೌಹರ್ ಅವರ ಮಗಳೇ ಒಪ್ಪಿದ್ದು ಎಂದು ಹೇಳುತ್ತಾರೆ. ಸುಳ್ಳೇನಲ್ಲ.

ಮುದುಕ ನಿಧಾನಕ್ಕೆ ಸೂದಾಬೆಯ ಕಡೆ ತಿರುಗುತ್ತಾರೆ. “ಹೌದೇನಮ್ಮಾ?”

ಸೂದಾಬೆ ಮಡಿಲಿನ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತ ಹೌದು ಎನ್ನುತ್ತಾರೆ.

“ನೀನು ಮಗಳು, ನೀನು ಒಪ್ಪಬಹುದು. ನಾನು ಅವಳ ಕೈಕೆಳಗೆ ಕೂತೋನು. ನನಗೆ ಆ ಹಕ್ಕಿಲ್ಲ.”

ನಿಲ್ಲಿಸಿದ್ದ ಹಾಡನ್ನು ಮತ್ತೆ ಬಿಡುವವರು ಸೂದಾಬೆಯೇ. ಗಾಜಿನ ಆಚೆ ಹೋಗಿ, ಫರಾಮರ್ಜ್ ಕೂರುವ ಕುರ್ಚಿಯಲ್ಲಿ ಕೂತು, ಗುಂಡಿ ಒತ್ತಿ, ಅವರು ಈ ಸಲ ದನಿಯನ್ನು ಇಡೀ ಕೋಣೆಗೆ ಬಿಟ್ಟಿದ್ದಾರೆ. ಸಂತೂರು ಇಲ್ಲ, ತಾಳ ಇಲ್ಲ, ಬರೀ ಕ್ಯಾಸೆಟ್ಟು. ಮಗು ಕೆಮ್ಮುತ್ತದೆ. ಮಗು ನೀರು ಕೇಳುತ್ತದೆ. ಗೌಹರ್ ಒಂದು ಅರಗು ಎನ್ನುತ್ತಾರೆ, ನೀರು ಹೂಜಿಯಲ್ಲಿದೆ ಎನ್ನುತ್ತಾರೆ, ಮೂರು ನೀಲಿ ಎನ್ನುತ್ತಾರೆ. ಸತ್ತ ಏಳು ಮಂದಿ, ಬದುಕಿದ ಒಬ್ಬರು, ಒಟ್ಟಿಗೆ: “ನೀರು ಹೂಜಿಯಲ್ಲಿದೆ, ಹಾಕಿದೆವು.” ಕಾಕಾನ ಎಡಗೈ ಪಕ್ಕಕ್ಕೆ ಚಾಚಿ, ಅಲ್ಲಿ ಇಲ್ಲದ ಹೂಜಿಯನ್ನು ಉಣ್ಣೆಯ ರಾಶಿಯ ಕಡೆಗೆ ಸರಿಸುತ್ತದೆ. ಅವತ್ತು ಹೂಜಿ ಸರಿಸಿದ ಕೈ ಯಾರದೆಂದು ಸೂದಾಬೆಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಫರಾಮರ್ಜ್ ಬಾಗಿಲಿಗೆ ಒರಗಿ ನಿಂತಿದ್ದಾರೆ. ಕಾಗದ ಇನ್ನೂ ಕೈಯಲ್ಲೇ ಇದೆ. ಕೊನೆಯ ಸಲ ಕೇಳುತ್ತೇನೆ ಕಾಕಾ ಎನ್ನುತ್ತಾರೆ, ಗದರಿಸಲು ಹೊರಟ ದನಿ ನಡುವೆಯೇ ಸಣ್ಣದಾಗುತ್ತದೆ. ಅವರ ಮೇಲೆ ಹಾಡ್ತೀರೋ ಇಲ್ವೋ?

“ಹಾಡಲ್ಲ” ಎಂದು ಹೆಶ್ಮತ್ ಕಾಕಾ ಎತ್ತಿದ್ದ ಮಂಡಿಯನ್ನು ಇಳಿಸಿ, ಇನ್ನೊಂದನ್ನು ಎತ್ತಿ ಸರಿಯಾಗಿ ಕೂರುತ್ತಾರೆ. “ಉಸ್ತಾ ಮುಂದಿನ ಸಾಲು ಕೂಗಲಿ.”